ಸಲಾಯಿನ್ ಹಚ್ಚಿದರೆ ಆರಾಮ, ನಾಲ್ಕು ದಿನಕ್ಕೆ ಮತ್ತೆ ಸುಸ್ತು

ನಮ್ಮ ಕಡೆ ಸುಸ್ತಿಗೆ ಮೊದಲ ಮದ್ದು ಅಂದರೆ ಒಂದು ಬಾಟ್ಲಿ ಸಲಾಯಿನ್. ನವಲಗುಂದ ಇರಲಿ, ಶಿರಹಟ್ಟಿ ಇರಲಿ, ಹಾನಗಲ್ ಇರಲಿ, ಊರಿನ ದವಾಖಾನೆಯ ಬೆಂಚಿನ ಮೇಲೆ ಮಲಗಿ ಹಚ್ಚಿಸಿಕೊಂಡು, ಎದ್ದು ಚಹಾ ಕುಡಿದು ಮನೆಗೆ ಹೋಗುವುದು ರೂಢಿ. ಬಹಳ ಮಂದಿಗೆ ಅದು ಬರೀ ಮನಸ್ಸಿನ ಸಮಾಧಾನ. ಆದರೆ ಅಪರೂಪಕ್ಕೆ ಒಬ್ಬರಿಗೆ ಸಲಾಯಿನ್ ನಿಜವಾಗಿಯೂ ಕೆಲಸ ಮಾಡುತ್ತದೆ. ಹಚ್ಚಿದ ಸಂಜೆ ಎದ್ದು ಓಡಾಡುತ್ತಾರೆ, ನಾಲ್ಕೈದು ದಿನಕ್ಕೆ ಮತ್ತೆ ಹಾಸಿಗೆ ಹಿಡಿಯುತ್ತಾರೆ. ಮತ್ತೊಂದು ಬಾಟ್ಲಿ, ಮತ್ತೆ ನಾಲ್ಕು ದಿನ. ಹೀಗೆ ಮೂರನೇ ಸಲ ಆದಾಗ ಸಂಶಯ ಬರಬೇಕು. 500 ಎಂಎಲ್ ನಾರ್ಮಲ್ ಸಲಾಯಿನ್‌ನಲ್ಲಿ 4.5 ಗ್ರಾಂ ಉಪ್ಪಿದೆ. ಆ ಮೈ ಇಷ್ಟು ದಿನ ಬೇಡುತ್ತಿದ್ದದ್ದು ಆ ಉಪ್ಪನ್ನೇ ಇರಬಹುದು.

ಅಡಿಸನ್ ಕಾಯಿಲೆ ಎಂದು ಇದರ ಹೆಸರು. 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಮೊದಲು ವಿವರಿಸಿದ. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳು, ಒಂದೊಂದೂ ನಾಲ್ಕೈದು ಗ್ರಾಂ ತೂಕದವು, ಕೆಲಸ ನಿಲ್ಲಿಸುತ್ತವೆ. ಅವು ಮಾಡುವ ಹಾರ್ಮೋನುಗಳಲ್ಲಿ ಎರಡು ಇಲ್ಲದೆ ಜೀವ ನಡೆಯುವುದಿಲ್ಲ. ಕಾರ್ಟಿಸಾಲ್ ರಕ್ತದ ಸಕ್ಕರೆ, ಬಿಪಿ, ಜ್ವರ-ಗಾಯವನ್ನು ತಡೆದುಕೊಳ್ಳುವ ಶಕ್ತಿ ನೋಡಿಕೊಳ್ಳುತ್ತದೆ. ಅಲ್ಡೊಸ್ಟೆರೋನ್ ಮೂತ್ರದಲ್ಲಿ ಉಪ್ಪು ಹರಿದುಹೋಗದಂತೆ ಹಿಡಿದಿಟ್ಟು, ಪೊಟ್ಯಾಸಿಯಂ ಹೊರಗೆ ಹಾಕುತ್ತದೆ. ಎರಡೂ ನಿಂತರೆ ಸೋಡಿಯಂ ಇಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಬಿಪಿ ಬೀಳುತ್ತದೆ, ತೂಕ ಕರಗುತ್ತದೆ.

ಗುರುತು ಹಿಡಿಯಲು ಒಂದು ಒಳ್ಳೆಯ ಸುಳಿವು ಚರ್ಮದಲ್ಲಿದೆ. ಅಡ್ರಿನಲ್ ಮಾತು ಕೇಳದಿದ್ದಾಗ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನನ್ನು ಒಂದೇ ಸವನೆ ಸುರಿಯುತ್ತದೆ, ಅದು ಮೈಬಣ್ಣದ ಕೋಶಗಳನ್ನೂ ಕೆರಳಿಸುತ್ತದೆ. ಮೈ ಕಪ್ಪಾಗುತ್ತದೆ. ಗೋಧಿ ಬಣ್ಣದವರೂ ಎಣ್ಣೆಗಪ್ಪಿನವರೂ ಇರುವ ನಮ್ಮಲ್ಲಿ ಇದನ್ನು "ಹೊಲದಾಗ ಬಿಸಿಲಿಗೆ ಸುಟ್ಟಾನ" ಎಂದು ತಳ್ಳಿಹಾಕುವುದು ಸುಲಭ. ಆದ್ದರಿಂದ ಬಿಸಿಲು ಬೀಳದ ಜಾಗ ನೋಡಬೇಕು: ಒಸಡು, ನಾಲಿಗೆ, ಕೆನ್ನೆಯ ಒಳಭಾಗ, ಅಂಗೈ ಗೆರೆಗಳು, ಇತ್ತೀಚಿನ ಗಾಯದ ಕಲೆ, ಸೀರೆ-ಧೋತರ ಬಿಗಿಯುವ ನಡು. ಹಳೆಯ ಆಧಾರ್ ಫೋಟೊ ಪಕ್ಕದಲ್ಲಿಟ್ಟು ನೋಡಿದರೂ ಎಷ್ಟೋ ಸಲ ಗೊತ್ತಾಗುತ್ತದೆ. ಜೊತೆಗೆ ಎದ್ದು ನಿಂತರೆ ಕಣ್ಣಿಗೆ ಕತ್ತಲೆ, ಊಟ ಬೇಡ, ವಾಕರಿಕೆ, ಹೊಟ್ಟೆನೋವು, ಮತ್ತು ಉಪ್ಪಿನ ಆಸೆ. ಉಪ್ಪಿನಕಾಯಿ ಭರಣಿಗೆ ಬೆರಳು ಹಾಕಿ ರಸ ನೆಕ್ಕುವುದು, ಮಿರ್ಚಿ ಭಜಿಯ ಮೇಲೆ ಮತ್ತೆ ಉಪ್ಪು ಉದುರಿಸಿಕೊಳ್ಳುವುದು ಚಟವಲ್ಲ, ಲಕ್ಷಣ. ಹೊಟ್ಟೆಯ ಲಕ್ಷಣಗಳಿಗೆ "ಗ್ಯಾಸ್ಟ್ರಿಕ್" ಎಂಬ ಚೀಟಿ ಅಂಟಿಬಿಡುತ್ತದೆ, ತಿಂಗಳುಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುತ್ತಾರೆ.

ಪರೀಕ್ಷೆ ಬಹಳ ದೊಡ್ಡದಲ್ಲ, ಆದರೆ ಕೆಡುವ ಜಾಗ ಎರಡಿವೆ. ಬೆಳಿಗ್ಗೆ 8 ಗಂಟೆಯ ಸುಮಾರಿಗೆ ಕಾರ್ಟಿಸಾಲ್ ರಕ್ತ ಕೊಡಬೇಕು, ಮಧ್ಯಾಹ್ನ ಕೊಟ್ಟದ್ದಕ್ಕೆ ಅರ್ಥವಿಲ್ಲ. ಡೆಸಿಲೀಟರಿಗೆ 3 ಮೈಕ್ರೊಗ್ರಾಂಗಿಂತ ಕಡಿಮೆ ಬಂದರೆ ಬಹುತೇಕ ಖಾತ್ರಿ, 18 ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಡುವೆ ಬಂದವರಿಗೆ 250 ಮೈಕ್ರೊಗ್ರಾಂ ಸಿನಾಕ್ತೆನ್ (ಕೃತಕ ಎಸಿಟಿಎಚ್) ಕೊಟ್ಟು 30 ಮತ್ತು 60ನೇ ನಿಮಿಷಕ್ಕೆ ಮತ್ತೆ ಅಳೆಯುತ್ತಾರೆ. ನಮ್ಮ ದೇಶದಲ್ಲಿ ಅದು ಸುಲಭವಾಗಿ ಸಿಗದ ಕಾರಣ ಆಕ್ಟಾನ್ ಪ್ರೊಲಾಂಗೇಟಂ ಎಂಬ ಎಸಿಟಿಎಚ್ ಇಂಜೆಕ್ಷನ್ ಬಳಸುವುದೂ ಉಂಟು. ಕೆಡುವ ಮೊದಲ ಜಾಗ ಎಸಿಟಿಎಚ್ ಸ್ಯಾಂಪಲ್. ಅದನ್ನು ಇಡಿಟಿಎ ಟ್ಯೂಬಿನಲ್ಲಿ ತೆಗೆದು, ಕೂಡಲೇ ಐಸಿನಲ್ಲಿಟ್ಟು, ತಡಮಾಡದೆ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸಬೇಕು. ಹಾವೇರಿಯ ಕಲೆಕ್ಷನ್ ಸೆಂಟರಿನಲ್ಲಿ ತೆಗೆದು ಸಂಜೆಯ ತನಕ ಟ್ರೇಯಲ್ಲೇ ಬಿಟ್ಟರೆ ಹಾರ್ಮೋನ್ ಒಡೆದುಹೋಗಿ, ಹೆಚ್ಚಿರಬೇಕಾದದ್ದು ಕಡಿಮೆ ಎಂದು ಬರುತ್ತದೆ. ಆಗ ದೋಷ ಪಿಟ್ಯುಟರಿಯಲ್ಲಿದೆ ಎಂದು ತಿಳಿದು ತಲೆಯ ಎಂಆರ್‌ಐ ಮಾಡಿಸುವ ತನಕ ಹೋಗುತ್ತದೆ. ರಕ್ತ ಕೊಡುವ ಮೊದಲೇ "ಐಸ್ ಇದೆಯಾ, ಇಲ್ಲೇ ತಿರುಗಿಸ್ತೀರಾ" ಎಂದು ಕೇಳಿಬಿಡಿ.

ಎರಡನೆಯದು "ಶಕ್ತಿ ಸೂಜಿ". ಸುಸ್ತು ಎಂದವರಿಗೆ ಹಳ್ಳಿಯಲ್ಲಿ ವಿಟಮಿನ್ ಜೊತೆ ಡೆಕ್ಸಾಮೆಥಾಸೋನ್ ಸೇರಿಸಿ ಚುಚ್ಚುವುದು ಗುಟ್ಟಿನ ಮಾತೇನಲ್ಲ. ಅದು ಸ್ಟೆರಾಯ್ಡ್. ಪಿಟ್ಯುಟರಿಯನ್ನು ಸುಮ್ಮನಾಗಿಸುತ್ತದೆ, ಪರೀಕ್ಷೆಯನ್ನು ಗೊಂದಲಕ್ಕೆ ಹಾಕುತ್ತದೆ. ಹಿಂದಿನ ವಾರ ಏನೇನು ಚುಚ್ಚಿಸಿಕೊಂಡಿರಿ, ಮಂಡಿನೋವಿಗೆ ಯಾವ ಪುಡಿ ತಿಂದಿರಿ, ಎಲ್ಲ ಹೇಳಬೇಕು. ಹಾಗೆ ನೋಡಿದರೆ ತಿಂಗಳುಗಟ್ಟಲೆ ಇಂಥ ಗುಳಿಗೆ, ಪುಡಿ ತಿಂದು ಒಮ್ಮೆಲೇ ಬಿಟ್ಟು ಅಡ್ರಿನಲ್ ಸೋತವರು ಅಸಲಿ ಅಡಿಸನ್‌ನವರಿಗಿಂತ ಎಷ್ಟೋ ಹೆಚ್ಚು. ಅವರ ಮೈ ಕಪ್ಪಾಗುವುದಿಲ್ಲ, ಉಪ್ಪಿನ ಹಾರ್ಮೋನ್ ಉಳಿದಿರುತ್ತದೆ. ಆದರೆ ಕೆಳಗೆ ಬರೆದ ಜ್ವರದ ದಿನದ ಲೆಕ್ಕ ಅವರಿಗೂ ಅನ್ವಯ.

ಇನ್ನು ಗುಳಿಗೆ. ಹೈಡ್ರೊಕಾರ್ಟಿಸೋನ್ ಅಂದರೆ ಕಾರ್ಟಿಸಾಲೇ. ದೊಡ್ಡವರಿಗೆ ದಿನಕ್ಕೆ 15ರಿಂದ 25 ಎಂಜಿ, ಎರಡು ಮೂರು ಪಾಲು ಮಾಡಿ. ಉದಾಹರಣೆಗೆ ಎದ್ದ ಕೂಡಲೇ 10, ಮಧ್ಯಾಹ್ನದ ರೊಟ್ಟಿ ಹೊತ್ತಿಗೆ 5, ಸಂಜೆ 4-5ರ ಒಳಗೆ 5. ಆರೋಗ್ಯವಂತರ ಮೈಯಲ್ಲೂ ಕಾರ್ಟಿಸಾಲ್ ನಸುಕಿನಲ್ಲಿ ಏರಿ ರಾತ್ರಿ ತಳ ಮುಟ್ಟುತ್ತದೆ, ಗುಳಿಗೆ ಆ ಏರಿಳಿತದ ಒಂದು ಒರಟು ನಕಲು. ರಾತ್ರಿ ತೆಗೆದುಕೊಂಡರೆ ನಿದ್ದೆ ಹಾರಿಹೋಗುತ್ತದೆ. ರಾತ್ರಿ ಪಾಳಿಯವರು ಗಡಿಯಾರ ನೋಡಬೇಕಿಲ್ಲ, ತಾವು ಏಳುವ ಹೊತ್ತನ್ನೇ ಬೆಳಗು ಎಂದುಕೊಳ್ಳಬೇಕು. ಉಪ್ಪಿನ ಹಾರ್ಮೋನಿಗೆ ಬದಲು ಫ್ಲುಡ್ರೊಕಾರ್ಟಿಸೋನ್, 100 ಮೈಕ್ರೊಗ್ರಾಂ ಗುಳಿಗೆ. ಅರ್ಧದಿಂದ ಎರಡರ ತನಕ, ದಿನಕ್ಕೆ ಒಂದೇ ಸಲ, ಬೆಳಿಗ್ಗೆ.

ಹೈಡ್ರೊಕಾರ್ಟಿಸೋನ್ ಗುಳಿಗೆ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಆಗ ಅಂಗಡಿಯವರು "ಅದೇ ಜಾತಿದು" ಎಂದು ಪ್ರೆಡ್ನಿಸೊಲೋನ್ ಕೊಡುತ್ತಾರೆ. ಜಾತಿ ಒಂದೇ, ತೂಕ ಬೇರೆ: 5 ಎಂಜಿ ಪ್ರೆಡ್ನಿಸೊಲೋನ್ 20 ಎಂಜಿ ಹೈಡ್ರೊಕಾರ್ಟಿಸೋನಿಗೆ ಸಮ. ಹೈಸೋನ್ 10ರ (ಹೈಡ್ರೊಕಾರ್ಟಿಸೋನ್) ಬದಲು ವೈಸೊಲೋನ್ 10 (ಪ್ರೆಡ್ನಿಸೊಲೋನ್) ನುಂಗಿದರೆ ಒಂದೇ ಏಟಿಗೆ 40 ಎಂಜಿ ಆಯಿತು. ತಿಂಗಳು ಹೀಗೆ ನಡೆದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಪ್ರೆಡ್ನಿಸೊಲೋನನ್ನೇ 3ರಿಂದ 5 ಎಂಜಿ, ದಿನಕ್ಕೊಂದು ಸಲ ಎಂದು ಬರೆದುಕೊಡುವ ಡಾಕ್ಟರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಬದಲಾವಣೆ ಚೀಟಿಯ ಮೇಲೆ ಆಗಬೇಕು, ಅಂಗಡಿಯ ಕೌಂಟರಿನಲ್ಲಲ್ಲ.

ಸ್ಟೆರಾಯ್ಡ್ ಎಂಬ ಶಬ್ದ ಕೇಳಿದ ಕೂಡಲೇ ಮನೆಯ ಹಿರಿಯರು, ಬೀಗರು, ಪಕ್ಕದ ಮನೆಯವರು ಎಲ್ಲರೂ ಸೇರಿ "ಅದನ್ನ ಬಿಡಸ್ರಿ, ಕಿಡ್ನಿ ಹೋಗತಾವ" ಎನ್ನುತ್ತಾರೆ. ಈ ಒಂದು ಮಾತು ಈ ಕಾಯಿಲೆಯಲ್ಲಿ ಕಾಯಿಲೆಗಿಂತ ಅಪಾಯಕಾರಿ. ದಮ್ಮಿಗೋ ಸಂಧಿವಾತಕ್ಕೋ ಕೊಡುವ ಸ್ಟೆರಾಯ್ಡ್ ಮೈಯಲ್ಲಿ ಇರುವುದರ ಮೇಲೆ ಇನ್ನಷ್ಟು ಹಾಕಿದಂತೆ. ಇಲ್ಲಿ ಕೊಡವೇ ಖಾಲಿಯಿದೆ, ಕಂಠದ ತನಕ ತುಂಬುತ್ತಿದ್ದೇವೆ ಅಷ್ಟೆ. ಸರಿಯಾದ ಪ್ರಮಾಣದಲ್ಲಿ ಇದು ಜೀವನಪೂರ್ತಿ ಬೇಕು. ಅಡಿಸನ್‌ನವರು ಗುಳಿಗೆ ಪೂರಾ ಬಿಟ್ಟರೆ ಉಳಿಯುವುದು ದಿನಗಳ ಲೆಕ್ಕ.

ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ಕಾರ್ಟಿಸಾಲ್ ಪರೀಕ್ಷೆ ಮಾಡಿಸುವುದು ದುಡ್ಡು ದಂಡ. ಗುಳಿಗೆ ನುಂಗಿ ಎಷ್ಟು ಹೊತ್ತಾಯಿತು ಎಂಬುದನ್ನು ಬಿಟ್ಟು ಅದು ಬೇರೇನೂ ಹೇಳದು. ತೂಕ, ಹಸಿವು, ಮಧ್ಯಾಹ್ನದ ತ್ರಾಣ, ಸೋಡಿಯಂ-ಪೊಟ್ಯಾಸಿಯಂ ವರದಿ ಮತ್ತು ಬಿಪಿ ಸಾಕು. ಬಿಪಿಯನ್ನು ಐದು ನಿಮಿಷ ಮಲಗಿಸಿ ಒಮ್ಮೆ, ಎಬ್ಬಿಸಿ ನಿಲ್ಲಿಸಿ ಒಂದನೇ ನಿಮಿಷಕ್ಕೂ ಮೂರನೇ ನಿಮಿಷಕ್ಕೂ ಒಮ್ಮೊಮ್ಮೆ ನೋಡಬೇಕು. ಮೇಲಿನ ಅಂಕಿ 20 ಇಳಿದರೆ ಉಪ್ಪೋ ಫ್ಲುಡ್ರೊಕಾರ್ಟಿಸೋನೋ ಸಾಲುತ್ತಿಲ್ಲ. ಕಾಲು ಬಾತು ಬಿಪಿ ಏರಿದ್ದರೆ ಹೆಚ್ಚಾಗಿದೆ. ಅಂಗೈ ಗೆರೆ ಮತ್ತೆ ಕಪ್ಪಾಗುತ್ತಿದ್ದರೆ ಗುಳಿಗೆ ತಪ್ಪುತ್ತಿರಬಹುದು, ಇಲ್ಲವೇ ಸಾಲದಿರಬಹುದು.

ದಿನದ ಗುಳಿಗೆ ಇಷ್ಟೇ. ಮನೆಯವರ ಜಾಣ್ಮೆ ಪರೀಕ್ಷೆಗೆ ಬೀಳುವುದು ಜ್ವರ ಬಂದ ದಿನ. ಆರೋಗ್ಯವಂತರಿಗೆ ಜ್ವರ ಬಂದರೆ ಅಡ್ರಿನಲ್ ತಾನಾಗಿಯೇ ಎರಡು ಮೂರು ಪಟ್ಟು ಕಾರ್ಟಿಸಾಲ್ ಬಿಡುತ್ತದೆ. ಇಲ್ಲಿ ಆ ಕೆಲಸ ನಾವು ಕೈಯಾರೆ ಮಾಡಬೇಕು, ತಡವಿಲ್ಲದೆ. ಥರ್ಮಾಮೀಟರ್ 100.4 ಫ್ಯಾರನ್‌ಹೀಟ್ ದಾಟಿದರೆ ಹೈಡ್ರೊಕಾರ್ಟಿಸೋನ್ ದುಪ್ಪಟ್ಟು, 102.2 ದಾಟಿದರೆ ಮೂರು ಪಟ್ಟು; ಜ್ವರ ಇಳಿಯುವ ತನಕ, ಸಾಮಾನ್ಯವಾಗಿ ಎರಡು ಮೂರು ದಿನ, ಆಮೇಲೆ ನೇರ ಹಳೆಯ ಲೆಕ್ಕಕ್ಕೆ. ಫ್ಲುಡ್ರೊಕಾರ್ಟಿಸೋನ್ ಹೆಚ್ಚಿಸುವುದು ಬೇಡ. ಜ್ವರವಿಲ್ಲದ ನೆಗಡಿಗೆ, ಮಕ್ಕಳ ಪರೀಕ್ಷೆಯ ಆತಂಕಕ್ಕೆ, ಮನೆಯ ಜಗಳಕ್ಕೆ ಹೆಚ್ಚು ಬೇಡ. ಹಲ್ಲು ಕೀಳಿಸುವಾಗ ಒಂದು ತಾಸು ಮೊದಲು 20 ಎಂಜಿ, ಆ ದಿನ ದುಪ್ಪಟ್ಟು. ಆಪರೇಷನ್, ಹೆರಿಗೆ, ಎಲುಬು ಮುರಿತ ಇದ್ದರೆ 100 ಎಂಜಿ ಇಂಜೆಕ್ಷನ್, ಮುಂದಿನದು ಆಸ್ಪತ್ರೆಯಲ್ಲಿ. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ ಅದೇ ನಡೆಯಲಿ, ಆದರೆ ಬರೆಸಿಕೊಂಡಿರಿ. ಬಾಯಿಮಾತು ಜ್ವರದ ರಾತ್ರಿ ನೆನಪಿಗೆ ಬರುವುದಿಲ್ಲ.

ವಾಂತಿ-ಭೇದಿ ಬೇರೆಯೇ ಸಂಗತಿ. ಗುಳಿಗೆ ನುಂಗಿ ಅರ್ಧ ತಾಸಿನೊಳಗೆ ವಾಂತಿಯಾದರೆ ಅದು ಮೈಗೆ ಹತ್ತಿಲ್ಲ. ಇನ್ನೊಮ್ಮೆ ದುಪ್ಪಟ್ಟು ಕೊಡಿ. ಅದೂ ಹೊರಗೆ ಬಂದರೆ ಮೂರನೇ ಸಲ ನೋಡುವುದು ಬೇಡ, ಇಂಜೆಕ್ಷನ್. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಸುಮಾರು 75, ಒಳಗಿನ ಹಳ್ಳಿಯಿಂದ ಜಿಲ್ಲಾ ಕೇಂದ್ರ ಮುಟ್ಟಲಿಕ್ಕೇ ಒಂದು ತಾಸು. ಕಾರ್ಟಿಸಾಲ್ ಸಾಲದೆ ಹೀಗೆ ಬಿಪಿ ಬೀಳುವುದಕ್ಕೆ ಅಡ್ರಿನಲ್ ಕ್ರೈಸಿಸ್ ಎನ್ನುತ್ತಾರೆ, ಆ ಮನುಷ್ಯನಿಗೆ ಅಷ್ಟು ಹೊತ್ತು ಇರುವುದಿಲ್ಲ. ಅದಕ್ಕೇ ಔಷಧ ಮನೆಯಲ್ಲಿರಬೇಕು, ಚುಚ್ಚಲು ಬರುವವರೂ ಮನೆಯಲ್ಲಿರಬೇಕು. ಮೊದಲು ಚುಚ್ಚಿ, ಆಮೇಲೆ 108ಕ್ಕೆ ಫೋನ್. ಅನುಮಾನವಿದ್ದರೂ ಚುಚ್ಚಿ. ಬೇಡದಿದ್ದಾಗ ಕೊಟ್ಟ ಒಂದು ಡೋಸ್ ತೊಂದರೆ ಮಾಡದು, ಬೇಕಾದಾಗ ಕೊಡದ ಡೋಸ್ ಜೀವ ತೆಗೆಯುತ್ತದೆ.

ಡಬ್ಬಿಯಲ್ಲಿ ಇರಬೇಕಾದ್ದು: 100 ಎಂಜಿ ಹೈಡ್ರೊಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ ವಯಲ್ ಎರಡು (ಎಫ್ಕಾರ್ಲಿನ್ ಎಂಬ ಹೆಸರಿನಲ್ಲೂ ಬರುತ್ತದೆ), ಇಂಜೆಕ್ಷನ್ ನೀರಿನ ಆಂಪ್ಯೂಲ್ ಎರಡು, 2 ಅಥವಾ 3 ಎಂಎಲ್ ಸಿರಿಂಜ್ ಮೂರು, ಒಂದು ಇಂಚಿನ 23 ನಂಬರ್ ಸೂಜಿ, ಸ್ಪಿರಿಟ್ ಹತ್ತಿ. ವಯಲ್ ಒಳಗೆ ತಳದಲ್ಲಿ ಬಿಳಿ ಪುಡಿ ಬಿಲ್ಲೆಯಂತೆ ಕೂತಿರುತ್ತದೆ. ಪ್ಲಾಸ್ಟಿಕ್ ಮುಚ್ಚಳ ಹಾರಿಸಿ ರಬ್ಬರ್ ಒರೆಸಿ. ಆಂಪ್ಯೂಲಿನ ಕುತ್ತಿಗೆಯನ್ನು ಹತ್ತಿಯಲ್ಲಿ ಹಿಡಿದು ಮುರಿಯಿರಿ, ಬರಿಗೈಯಲ್ಲಿ ಬೇಡ, ಗಾಜು ಬೆರಳು ಕೊಯ್ಯುತ್ತದೆ. 2 ಎಂಎಲ್ ನೀರು ಎಳೆದು ವಯಲ್‌ಗೆ ಬಿಡಿ, ಅಂಗೈಗಳ ನಡುವೆ ಉರುಳಿಸಿ. ಜೋರಾಗಿ ಕುಲುಕಿದರೆ ನೊರೆಯೆದ್ದು ಎಳೆಯುವಾಗ ಗಾಳಿ ಬರುತ್ತದೆ. ಅರ್ಧ ನಿಮಿಷದಲ್ಲಿ ತಿಳಿಯಾಗುತ್ತದೆ. ತಲೆಕೆಳಗು ಮಾಡಿ ಪೂರ್ತಿ ಎಳೆಯಿರಿ, ಗಾಳಿ ಹೊರಗೆ ತಳ್ಳಿ. ತೊಡೆಯ ಹೊರಮಗ್ಗುಲು, ಸೊಂಟಕ್ಕೂ ಮಂಡಿಗೂ ನಟ್ಟನಡುವೆ, ನೇರವಾಗಿ ಚುಚ್ಚಿ ನಿಧಾನಕ್ಕೆ ಒತ್ತಿ. ಗಡಿಬಿಡಿಯಿದ್ದರೆ ತೆಳು ಬಟ್ಟೆಯ ಮೇಲಿಂದಲೂ ನಡೆಯುತ್ತದೆ. ದೊಡ್ಡವರಿಗೆ ಪೂರ್ತಿ 100 ಎಂಜಿ, ಶಾಲೆಗೆ ಹೋಗುವ ಸಣ್ಣ ಮಕ್ಕಳಿಗೆ 50, ಕೂಸಿಗೆ 25. ಕಲಸಿಟ್ಟದ್ದನ್ನು ನಾಳೆಗೆ ಉಳಿಸಬಾರದು. ವಯಲನ್ನು ಬೈಕಿನ ಡಿಕ್ಕಿಯಲ್ಲಾಗಲಿ ತಗಡಿನ ಛಾವಣಿಯ ಕೆಳಗಿನ ಗೂಡಿನಲ್ಲಾಗಲಿ ಇಡಬೇಡಿ. ಏಪ್ರಿಲ್-ಮೇ ತಿಂಗಳ ಗದಗಿನ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಫ್ಲುಡ್ರೊಕಾರ್ಟಿಸೋನ್ ಕೆಲವು ಕಂಪನಿಯದು ಫ್ರಿಜ್ಜಿನಲ್ಲೇ ಇರಬೇಕು, ಪ್ಯಾಕಿನ ಮೇಲೆ ಬರೆದದ್ದು ಓದಿ.

ದವಾಖಾನೆ ಮುಟ್ಟಿದ ಮೇಲೆ ಹೇಳಬೇಕಾದ್ದು ಎರಡು ಮಾತು: "ಅಡ್ರಿನಲ್ ಕ್ರೈಸಿಸ್, 100 ಎಂಜಿ ಹೈಡ್ರೊಕಾರ್ಟಿಸೋನ್ ಆಗಿದೆ" ಅಥವಾ "ಆಗಬೇಕು", ಮತ್ತು "ನಾರ್ಮಲ್ ಸಲಾಯಿನ್". ಮೊದಲ ತಾಸಿನಲ್ಲಿ ಒಂದು ಲೀಟರ್, ಆಮೇಲೆ 24 ತಾಸಿಗೆ 200 ಎಂಜಿ ಹೈಡ್ರೊಕಾರ್ಟಿಸೋನ್. ಬರೀ ಗ್ಲೂಕೋಸ್ ಬಾಟ್ಲಿ ಹಚ್ಚಿದರೆ ಸಕ್ಕರೆ ಸುಟ್ಟು ನೀರಷ್ಟೇ ಉಳಿಯುತ್ತದೆ, ಇಳಿದ ಸೋಡಿಯಂ ಇನ್ನೂ ಇಳಿಯುತ್ತದೆ. ಸಕ್ಕರೆ ಕಡಿಮೆಯಿದ್ದರೆ ಗ್ಲೂಕೋಸ್ ಬೇಕೇ ಬೇಕು, ಆದರೆ ಉಪ್ಪಿನ ಜೊತೆ, ಡಿಎನ್‌ಎಸ್ ಬಾಟ್ಲಿ. ಹೈಡ್ರೊಕಾರ್ಟಿಸೋನ್ ಇಲ್ಲವೇ ಇಲ್ಲ ಎಂದರೆ ಡೆಕ್ಸಾಮೆಥಾಸೋನ್ 4 ಎಂಜಿ ಹಳ್ಳಿಯ ದವಾಖಾನೆಯಲ್ಲೂ ಸಿಗುವ ಸಾಧ್ಯತೆ ಹೆಚ್ಚು. ಅದಕ್ಕೆ ಉಪ್ಪು ಹಿಡಿಯುವ ಗುಣವಿಲ್ಲ, ಸಲಾಯಿನ್ ಜೊತೆ ಕೊಟ್ಟರೆ ದಾರಿ ಸಾಗುತ್ತದೆ. ಇಷ್ಟನ್ನೂ ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಡಾಕ್ಟರ್ ಸಹಿ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಕಿಸೆಯಲ್ಲಿಡಿ. ಮೊಬೈಲ್ ಫೋಟೊ ಸಾಲದು, ಪ್ರಜ್ಞೆ ತಪ್ಪಿದವರ ಮೊಬೈಲ್ ಲಾಕ್ ತೆಗೆಯುವವರು ಯಾರು?

ನಮ್ಮ ದೇಶದಲ್ಲಿ ಈ ಕಾಯಿಲೆಗೆ ಟಿಬಿ ಈಗಲೂ ಒಂದು ಮುಖ್ಯ ಕಾರಣ. ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರವೂ ಇದೆ, ಎರಡರಲ್ಲೂ ಸಿಟಿ ಸ್ಕ್ಯಾನಿನಲ್ಲಿ ಅಡ್ರಿನಲ್ ಊದಿ ಕಾಣಬಹುದು. ಇಲ್ಲಿ ಒಂದು ಗುಂಡಿಯಿದೆ. ಟಿಬಿ ಔಷಧಗಳಲ್ಲಿ ಕೆಂಪು ಮೂತ್ರ ಬರಿಸುವ ರಿಫಾಂಪಿಸಿನ್ ಯಕೃತ್ತನ್ನು ಚುರುಕು ಮಾಡಿ ಕಾರ್ಟಿಸಾಲನ್ನು ಬೇಗ ಒಡೆದುಹಾಕುತ್ತದೆ. ಅಡ್ರಿನಲ್ ಅರ್ಧ ಸೋತವರಿಗೆ ಟಿಬಿ ಗುಳಿಗೆ ಶುರುವಾದ ಕೆಲವು ವಾರಗಳಲ್ಲಿ ಸುಸ್ತು, ವಾಂತಿ, ಬಿಪಿ ಇಳಿತ ಬರುತ್ತದೆ. ಎಲ್ಲರೂ "ಗುಳಿಗೆ ಹೀಟು" ಎಂದು ಟಿಬಿ ಔಷಧವನ್ನೇ ನಿಲ್ಲಿಸುತ್ತಾರೆ, ಎರಡೂ ಕಡೆ ನಷ್ಟ. ನಿಲ್ಲಿಸಬೇಕಾದದ್ದಲ್ಲ, ಹೈಡ್ರೊಕಾರ್ಟಿಸೋನ್ ಎರಡು ಮೂರು ಪಟ್ಟು ಏರಿಸಬೇಕಾದದ್ದು. ಫಿಟ್ಸ್‌ನ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಇದೇ ದಾರಿ. ಥೈರಾಯ್ಡ್ ಗುಳಿಗೆಯೂ ಹಾಗೆ: ಕಾರ್ಟಿಸಾಲ್ ಕೊರತೆ ತುಂಬುವ ಮೊದಲು ಅದನ್ನು ಶುರು ಮಾಡಿದರೆ ಇದ್ದಷ್ಟು ಕಾರ್ಟಿಸಾಲೂ ಬೇಗ ಖರ್ಚಾಗಿ ಕ್ರೈಸಿಸ್ ಬರಬಹುದು. ಟಿಬಿಯಲ್ಲದೆ ಮೈಯೇ ತನ್ನ ಗ್ರಂಥಿಯ ಮೇಲೆ ತಿರುಗಿಬಿದ್ದ ಬಗೆಯಿದ್ದರೆ ವರ್ಷಕ್ಕೊಮ್ಮೆ ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಬೇಕು.

ಊಟದಲ್ಲಿ ಪಥ್ಯವಿಲ್ಲ, ಪಥ್ಯ ಬಿಡಿಸುವುದೇ ಕಷ್ಟ. ವಯಸ್ಸಾಯಿತು ಉಪ್ಪು ಕಡಿಮೆ ಮಾಡಿ ಎಂಬ ಬುದ್ಧಿವಾದ ಇವರಿಗಲ್ಲ. ಬೇಸಿಗೆಯಲ್ಲಿ ಮೆಣಸಿನಕಾಯಿ, ಗೋವಿನಜೋಳದ ಹೊಲದಲ್ಲಿ ದುಡಿಯುವವರು ಬೆವರಿನಲ್ಲಿ ಉಪ್ಪು ಕಳೆಯುತ್ತಾರೆ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ರೊಟ್ಟಿ ಜೊತೆ ಹಿಂಡಿ (ಚಟ್ನಿಪುಡಿ), ಬೇಕಾದರೆ ಡಾಕ್ಟರನ್ನು ಕೇಳಿ ಆ ತಿಂಗಳುಗಳಿಗೆ ಫ್ಲುಡ್ರೊಕಾರ್ಟಿಸೋನ್ ಅರ್ಧ ಗುಳಿಗೆ ಹೆಚ್ಚು. ಎಳನೀರು ಮಾತ್ರ ಇವರ ಮಿತ್ರನಲ್ಲ. ಅದರಲ್ಲಿ ಪೊಟ್ಯಾಸಿಯಂ ತುಂಬ, ಸೋಡಿಯಂ ಸ್ವಲ್ಪ, ಅಂದರೆ ಇವರಿಗೆ ಬೇಕಾದುದಕ್ಕೆ ಸರಿಯಾಗಿ ಉಲ್ಟಾ. ಕಾಯಿಲೆ ಇನ್ನೂ ಗೊತ್ತಾಗದೆ ಮಲಗಿದವರಿಗೆ ದಿನಕ್ಕೆ ಮೂರು ಎಳನೀರು ಕುಡಿಸುವುದು ಪ್ರೀತಿಯ ತಪ್ಪು. ಕೆಮ್ಮಿನ ಕಷಾಯದಲ್ಲಿ ಬರುವ ಜ್ಯೇಷ್ಠಮಧು ಕಾರ್ಟಿಸಾಲಿನ ಉಪ್ಪು ಹಿಡಿಯುವ ಗುಣವನ್ನು ಹೆಚ್ಚಿಸುತ್ತದೆ. ನಿತ್ಯ ಕುಡಿದರೆ ಬಿಪಿ ಏರಿ, ಪೊಟ್ಯಾಸಿಯಂ ಇಳಿದು ಡಾಕ್ಟರ ಲೆಕ್ಕವೆಲ್ಲ ತಪ್ಪುತ್ತದೆ.

ಶ್ರಾವಣ ಸೋಮವಾರ, ಏಕಾದಶಿಯ ಉಪವಾಸದಲ್ಲಿ ಗುಳಿಗೆ ಮತ್ತು ನೀರು ಬಿಡುವಂತಿಲ್ಲ. ಫಲಾಹಾರದವರು ಬಾಳೆಹಣ್ಣಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯನ್ನೂ ಇಟ್ಟುಕೊಳ್ಳಲಿ. ರಂಜಾನ್‌ನಲ್ಲಿ ಮೂರು ಹೊತ್ತಿನ ಹೈಡ್ರೊಕಾರ್ಟಿಸೋನ್ ಹೊಂದುವುದಿಲ್ಲ. ಸೆಹ್ರಿಗೆ ಒಂದೇ ಸಲ ಪ್ರೆಡ್ನಿಸೊಲೋನ್ ಆಗುತ್ತದೆಯೇ ಎಂದು ತಿಂಗಳು ಮೊದಲೇ ಕೇಳಬೇಕು, ಆಗದು ಎಂದರೆ ರೋಜಾ ಬಿಡಬೇಕು. ಹಬ್ಬಕ್ಕಿಂತ ಹೆಚ್ಚು ಗುಳಿಗೆ ತಪ್ಪುವುದು ಸಾವಿನ ಮನೆಯಲ್ಲಿ. ಬೆಳಗಿನಿಂದ ಊಟವಿಲ್ಲ, ಬಿಸಿಲಲ್ಲಿ ನಡಿಗೆ, ಚೀಲ ಊರಲ್ಲೇ ಉಳಿದಿರುತ್ತದೆ. ಕಿಸೆಯಲ್ಲಿ ಸದಾ ಎರಡು ದಿನದ ಗುಳಿಗೆಯ ಪಟ್ಟಿ ಇದ್ದರೆ ಅಷ್ಟರ ಮಟ್ಟಿಗೆ ನಿಶ್ಚಿಂತೆ. ಮನೆಯಲ್ಲಿ ಒಂದು ತಿಂಗಳದ್ದು ಹೆಚ್ಚುವರಿ ಇರಲಿ, ಹುಬ್ಬಳ್ಳಿಯ ದೊಡ್ಡ ಅಂಗಡಿಯಲ್ಲೂ ಫ್ಲುಡ್ರೊಕಾರ್ಟಿಸೋನ್ "ನಾಡಿದ್ದು ಬರ್ತೈತ್ರಿ" ಆಗುವ ದಿನಗಳಿವೆ.

ಅವಧಿ ಮುಗಿದ ವಯಲ್‌ಗಳನ್ನು ಎಸೆಯಬೇಡಿ. ಮೇಲೆ ಕೆಂಪು ಶಾಯಿಯಿಂದ ಗುರುತು ಹಾಕಿ ಬೇರೆ ಡಬ್ಬಿಯಲ್ಲಿಡಿ. ಆರು ತಿಂಗಳಿಗೊಮ್ಮೆ ಮನೆಯ ಇಬ್ಬರು ಅದನ್ನು ಒಡೆದು, ಕಲಸಿ, ಎಳೆದು, ಒಂದು ಮೋಸಂಬಿಗೆ ಚುಚ್ಚಿ ನೋಡಲಿ. ಮೋಸಂಬಿ ಸಿಪ್ಪೆಯ ಗಟ್ಟಿತನ ತೊಡೆಗೆ ಹತ್ತಿರವಿರುತ್ತದೆ. ಮೊದಲ ಸಲ ಎಂಟು ಹತ್ತು ನಿಮಿಷ ಹಿಡಿಯುತ್ತದೆ, ಆಂಪ್ಯೂಲ್ ಒಡೆಯುವಲ್ಲೇ ಕೈ ನಡುಗುತ್ತದೆ. ಮೂರನೇ ಸಲಕ್ಕೆ ಎರಡು ನಿಮಿಷ ಸಾಕು. ಮೋಸಂಬಿಯನ್ನು ಆಮೇಲೆ ಕಸಕ್ಕೆ ಹಾಕಿ, ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಬಾಟ್ಲಿಗೆ.